ಹಸಿರು ಬ್ಲೌಸಿನ ನಾಲ್ಕು ಹೊಲಿಗೆ

ಹುಣಸೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಬಟ್ಟೆ ಹೊಲಿಯುವ ವಿಮಲಮ್ಮನ ಕೆಲಸದ ಬಗ್ಗೆ ಯಾರೂ ಎರಡು ಮಾತಾಡುವುದಿಲ್ಲ. ಮಾತಾಡುವುದೆಲ್ಲ ಅವಳ ಬಾಯಿಯ ಬಗ್ಗೆ. ಬ್ಲೌಸು ಬಿಗಿಯಾಗಿದೆ, ಸ್ವಲ್ಪ ಬಿಟ್ಟುಕೊಡಿ ಎಂದು ಹೋದವರಿಗೆ ಅವಳಿಂದ ಏನೂ ತೊಂದರೆಯಿಲ್ಲ. ಕೂತು ಏಳುವುದರೊಳಗೆ ಕೆಲಸ ಮುಗಿಸಿ ಕಳಿಸುತ್ತಾಳೆ. ಸಡಿಲವಾಗಿದೆ, ಎರಡೂ ಪಕ್ಕ ಹಿಡಿದುಕೊಡಿ ಎಂದು ಹೋದಿರೋ, ಕೆಟ್ಟಿರಿ. ಕೈಯಲ್ಲಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟು, ಕನ್ನಡಕವನ್ನು ಹಣೆಗೇರಿಸಿ, ಪೊಲೀಸಿನವರ ಹಾಗೆ ವಿಚಾರಣೆಗೆ ಕೂರುತ್ತಾಳೆ.

"ಯಾವಾಗಿಂದ ಸಣ್ಣ ಆಗ್ತಾ ಇದ್ದೀಯ? ಊಟ ಸೇರ್ತದಾ? ಜ್ವರ ಗಿರ ಬತ್ತದಾ? ಮೈಮೇಲೆ ಎಲ್ಲಾದ್ರೂ ಗಂಟು ಅದಾ? ನಾಚ್ಕೋಬ್ಯಾಡ, ನಾನೂ ಹೆಂಗಸೇ ಕಣವ್ವ."

ಹೋದ ವರ್ಷ ಒಬ್ಬ ಕಾಲೇಜು ಹುಡುಗಿ, "ಡಯಟ್ ಮಾಡ್ತಿದ್ದೀನಿ ಆಂಟಿ," ಎಂದು ನಕ್ಕಳು. ವಿಮಲಮ್ಮ ನಗಲಿಲ್ಲ. "ಮೊದ್ಲು ಡಾಕ್ಟ್ರಿಗೆ ತೋರಿಸ್ಕೊಂಡು ಬಾ. ಆಮೇಲೆ ಹಿಡ್ಕೊಡ್ತೀನಿ," ಎಂದು ಬ್ಲೌಸನ್ನು ಮಡಿಸಿ ವಾಪಸು ಕೊಟ್ಟಳು. ಹುಡುಗಿ ಎದುರಂಗಡಿಯಲ್ಲಿ ಐದು ನಿಮಿಷಕ್ಕೆ ಹಿಡಿಸಿಕೊಂಡು ಹೋದಳು. ಮಗಳು ತೀರಿಹೋದ ಮೇಲೆ ವಿಮಲಮ್ಮನಿಗೆ ಸ್ವಲ್ಪ ತಲೆ ಕೆಟ್ಟಿದೆ ಎಂದು ಗಲ್ಲಿಯವರು ಆಡಿಕೊಂಡರು. ತಲೆ ಕೆಟ್ಟಿರಲಿಲ್ಲ. ಕೆಟ್ಟಿದ್ದರೆ ಎಷ್ಟೋ ವಾಸಿಯಿತ್ತು, ಮರೆತಾದರೂ ಹೋಗುತ್ತಿತ್ತು.

ಮಗಳು ಸೌಂದರ್ಯ ಹೋಗಿ ನಾಲ್ಕು ವರ್ಷವಾಗಿತ್ತು. ಅವಳನ್ನು ಕೊಟ್ಟದ್ದು ರಾವಂದೂರಿಗೆ. ಅಳಿಯ ಸಿದ್ದರಾಜು ಹೊಗೆಸೊಪ್ಪು, ಶುಂಠಿ ಬೆಳೆಯುವವನು, ಮಾತು ಕಡಿಮೆ. ಮೊಮ್ಮಗಳು ಅನು ಅಜ್ಜಿಯ ಜೊತೆಯಲ್ಲೇ ಹುಣಸೂರಿನಲ್ಲಿ ಆರನೇ ಕ್ಲಾಸು ಓದುತ್ತಿದ್ದಳು. ಹೋದ ಬೇಸಿಗೆಯಲ್ಲಿ ಸಿದ್ದರಾಜು ಹಂಪಾಪುರದ ಕಡೆಯ ಸುಕನ್ಯ ಎಂಬವಳನ್ನು ಮದುವೆಯಾದ. ವಿಮಲಮ್ಮ ಬೇಡವೆನ್ನಲಿಲ್ಲ. ಮದುವೆಗೆ ಹೋಗಲೂ ಇಲ್ಲ, ಅಂಗಡಿಯಲ್ಲಿ ಕೆಲಸ ತುಂಬಾ ಇದೆ ಎಂದು ಹೇಳಿಕಳಿಸಿದಳು. ಅವತ್ತು ಅಂಗಡಿಯಲ್ಲಿ ಒಂದು ತುಂಡು ಕೆಲಸವೂ ಇರಲಿಲ್ಲ.

ಪಿತೃಪಕ್ಷದ ಶನಿವಾರ. ಬೆಳಗಿನ ಸ್ಕೂಲು ಮುಗಿಸಿ ಬಂದ ಅನು, ಬಟ್ಟೆ ಕತ್ತರಿಸುವ ಮೇಜಿನ ಒಂದು ಮೂಲೆಯಲ್ಲಿ ಪುಸ್ತಕ ಹರಡಿಕೊಂಡು ಹೋಂವರ್ಕಿಗೆ ಕೂತಿದ್ದಳು. ಇಂಗ್ಲಿಷಿನ ಆರು ಪದಗಳು. ಒಂದೊಂದಕ್ಕೂ ಅರ್ಥ ಬರೆದು, ಒಂದೊಂದನ್ನೂ ವಾಕ್ಯದಲ್ಲಿ ಉಪಯೋಗಿಸಬೇಕು.

"ಅಜ್ಜಿ, ಆಲ್ಟರ್ ಅಂದ್ರೆ ಏನು?"

"ನಮ್ಮ ಬೋರ್ಡ್ ಮೇಲೇ ಬರ್ಸಿಲ್ವಾ, ಆಲ್ಟರ್ ಮಾಡಿಕೊಡಲಾಗುವುದು ಅಂತ? ದಿನಾ ಅದರ ಕೆಳಗೇ ಓಡಾಡ್ತೀಯಲ್ಲ."

"ಗೈಡಲ್ಲಿ 'ಬದಲಾಯಿಸು' ಅಂತ ಕೊಟ್ಟವ್ರೆ."

"ತಪ್ಪು ಕೊಟ್ಟವ್ರೆ," ಎಂದಳು ವಿಮಲಮ್ಮ.

ಇಂಗ್ಲಿಷಿನ ವಿಷಯಕ್ಕೆ ಅವಳು ತಲೆ ಹಾಕುವವಳಲ್ಲ. ಇಂಚು, ಟೇಪು, ಹುಕ್ಕು, ಲೈನಿಂಗು, ಇಷ್ಟರಲ್ಲಿ ಅವಳ ಇಂಗ್ಲಿಷು ಮುಗಿಯಿತು. ಆದರೆ ಈ ಒಂದು ಪದ ಅವಳಿಗೆ ಮೂವತ್ತು ವರ್ಷ ಅನ್ನ ಹಾಕಿದ್ದು. ಅದರ ಅರ್ಥವನ್ನು ಸೂಜಿಗೆ ದಾರ ಪೋಣಿಸಲು ಬಾರದ ಯಾವನೋ ಗೈಡಿನವನು ಹೇಳುವುದು ಅವಳಿಗೆ ಸರಿಬರಲಿಲ್ಲ.

"ಬದಲಾಯ್ಸೋದು ಅಂದ್ರೆ ಈ ಬಟ್ಟೆ ಕೊಟ್ಟು ಬ್ಯಾರೆ ಬಟ್ಟೆ ಈಸ್ಕೊಳೋದು. ಆಲ್ಟರ್ ಅಂಗಲ್ಲ. ಬಟ್ಟೆ ಅದೇ, ತೋಳು ಅದೇ, ಹುಕ್ಕೂ ಅದೇ. ಬದಲಾಗಿರೋದು ಮೈ. ಮೈ ಎಲ್ಲಿಗೆ ಹೋಗದೋ ಅದ್ರ ಹಿಂದೆ ಬಟ್ಟೇನ ಕರ್ಕೊಂಡು ಹೋಗೋದು. ಅದು ಕಣ ಆಲ್ಟರ್ ಅಂದ್ರೆ."

"ಅಷ್ಟುದ್ದ ಬರೆಯೋಕೆ ಜಾಗ ಇಲ್ಲ ಅಜ್ಜಿ," ಎಂದು ಅನು 'ಬದಲಾಯಿಸು' ಎಂದೇ ಬರೆದುಕೊಂಡಳು. ವಾಕ್ಯಕ್ಕೆ ಬಂದಾಗ ಪೆನ್ಸಿಲು ಕಚ್ಚಿಕೊಂಡು ಕೂತಳು. ಶಾಂತಲಾ ಮಿಸ್ಸು ಕಟ್ಟುನಿಟ್ಟು. ಗೈಡಿನ ವಾಕ್ಯ ಕಾಪಿ ಹೊಡೆಯುವ ಹಾಗಿಲ್ಲ, ಸುಳ್ಳು ವಾಕ್ಯ ಕಟ್ಟುವ ಹಾಗೂ ಇಲ್ಲ. ನಿಮ್ಮ ಮನೆಯಲ್ಲಿ ನಿಜವಾಗಿ ನಡೆದದ್ದನ್ನೇ ಬರೆಯಿರಿ ಎಂದು ಹೇಳಿದ್ದರು.

ಆ ಹೊತ್ತಿಗೆ ಬಾಗಿಲ ಹತ್ತಿರ ಸುಕನ್ಯ ಬಂದು ನಿಂತಳು. ಇದಕ್ಕೆ ಮುಂಚೆ ಎರಡು ಸಲ ಅನುವನ್ನು ನೋಡಿಕೊಂಡು ಹೋಗಲು ಬಂದಿದ್ದಳು. ಎರಡು ಸಲವೂ ಹೊಸಿಲ ಹೊರಗೇ ನಿಂತು, ಬಿಸ್ಕತ್ತಿನ ಪೊಟ್ಟಣ ಕೊಟ್ಟು, ಬಸ್ಸಿಗೆ ಹೊತ್ತಾಯಿತು ಎಂದು ಹೋಗಿದ್ದಳು. ವಿಮಲಮ್ಮನನ್ನು ಏನೆಂದು ಕರೆಯಬೇಕು ಎಂಬುದು ಪಾಪ ಅವಳಿಗೆ ಇನ್ನೂ ಬಗೆಹರಿದಿರಲಿಲ್ಲ. ಈ ಸಲ ಮಾತ್ರ ಚಪ್ಪಲಿ ಬಿಟ್ಟು ಒಳಗೆ ಬಂದು, ಬ್ಯಾಗಿನಿಂದ ಒಂದು ಬಟ್ಟೆಯನ್ನು ತೆಗೆದು ಮೇಜಿನ ಮೇಲಿಟ್ಟಳು.

ಗಿಳಿಹಸಿರು ರೇಷ್ಮೆ ಬ್ಲೌಸು, ತೋಳಿಗೆ ಕೆಂಪು ಅಂಚು.

"ಅಮಾವಾಸ್ಯೆಗೆ ಎಡೆ ಇಡಬೇಕಲ್ಲ," ಎಂದು ಸುಕನ್ಯ ತಲೆ ತಗ್ಗಿಸಿಕೊಂಡೇ ಹೇಳಿದಳು. "ಸೌಂದರ್ಯಕ್ಕನಿಗೆ ಹೊಸ ಸೀರೆ ತಂದಿದ್ದೀವಿ. ಎಡೆ ಇಡುವಾಗ ನಾನು ಅಕ್ಕನ ಸೀರೆ ಉಟ್ಕೊಂಡೇ ಇಡಬೇಕಂತೆ, ನಮ್ಮತ್ತೆ ಅಂದ್ರು. ಅಂಗೆ ಮಾಡಿದ್ರೆ ಅಕ್ಕ ನನ್ನ ಒಪ್ಕೊಂಡಂಗಂತೆ. ಬೀರುವಲ್ಲಿ ಇದೊಂದು ಸೀರೆ ಇತ್ತು. ಬ್ಲೌಸ್ ಹುಕ್ಕೇ ಸೇರ್ತಿಲ್ಲ. ಒಳಗೆ ಬಟ್ಟೆ ಬಿಟ್ಟಿದ್ದೀರಿ, ಆಲ್ಟರ್ ಮಾಡಿದ್ರೆ ಆಯ್ತದೆ ಅನ್ಸ್ತು. ಬ್ಯಾರೆ ಕಡೆ ಕೊಡೋಕೆ ಮನಸ್ಸು ಬರ್ಲಿಲ್ಲ. ನಿಮ್ಮ ಕೈಯಲ್ಲಿ ಹೊಲ್ದಿದ್ದು."

ಅತ್ತೆ ಎಂದರೆ ಸಿದ್ದರಾಜುವಿನ ತಾಯಿ ಪುಟ್ಟಮಲ್ಲಮ್ಮ. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ವಿಮಲಮ್ಮನಿಗೆ ಪುರುಸೊತ್ತಾಗಲಿಲ್ಲ. ಕಣ್ಣು ಬ್ಲೌಸಿನ ಮೇಲೇ ಇತ್ತು. ಆ ಬ್ಲೌಸು ಮಗಳ ಉಳಿದ ಬಟ್ಟೆಗಳ ಜೊತೆ ಎಂದೋ ನೀರಿನ ಪಾಲಾಗಿದೆ ಎಂದೇ ಅವಳು ನಂಬಿಕೊಂಡಿದ್ದಳು. ನಂಬಿಕೊಂಡು ಒಂದಿಷ್ಟು ನೆಮ್ಮದಿಯಾಗಿಯೂ ಇದ್ದಳು. ಯಾಕೆಂದರೆ ಅವಳು ಮಾಡಿದ ತಪ್ಪಿಗೆ ಈ ಲೋಕದಲ್ಲಿದ್ದ ಸಾಕ್ಷಿ ಅದೊಂದೇ. ಗಂಡನಿಲ್ಲದ ಮನೆಯಲ್ಲಿ ಯಾರಿಗೂ ಹೇಳದೆ, ಅಳಿಯನಿಗೂ ಹೇಳದೆ, ನಾಲ್ಕು ವರ್ಷ ಒಬ್ಬಳೇ ನುಂಗಿಕೊಂಡಿದ್ದ ತಪ್ಪು ಅದು.

ಮದುವೆಯಾದ ಮೊದಲ ಗೌರಿ ಹಬ್ಬಕ್ಕೆ ತವರಿನಿಂದ ಕೊಟ್ಟ ಸೀರೆಯ ಬ್ಲೌಸು ಅದು. ಸೌಂದರ್ಯ ಮೈಕೈ ತುಂಬಿಕೊಂಡಿದ್ದ ಹುಡುಗಿ. ಹಬ್ಬ, ಮದುವೆ, ಎಲ್ಲದಕ್ಕೂ ಅದನ್ನೇ ತೊಡುತ್ತಿದ್ದಳು, ವರ್ಷಗಟ್ಟಲೆ ಅದೇ ಅಳತೆ. ಒಂದು ವರ್ಷ ಯುಗಾದಿಗೆ ಮುಂಚೆ ಅನುವನ್ನು ಕರೆದುಕೊಂಡು ಬಂದು, "ಸಡಿಲ ಆಗದೆ ಕಣವ್ವ, ಸ್ವಲ್ಪ ಹಿಡ್ಕೊಡು," ಎಂದಳು. ವಿಮಲಮ್ಮ ಹಿಡಿದುಕೊಟ್ಟಳು. ಗೌರಿ ಹಬ್ಬಕ್ಕೆ ಮತ್ತೆ ಬಂದಳು, ಮತ್ತೆ ಹಿಡಿದುಕೊಟ್ಟಳು. ದೀಪಾವಳಿಗೆ ಮೂರನೇ ಸಲ. ಅದಾದ ತಿಂಗಳಿಗೆ ಸೌಂದರ್ಯ ಹೊಲದಲ್ಲಿ ತಲೆ ತಿರುಗಿ ಬಿದ್ದಳು. ಮೈಸೂರಿನ ಆಸ್ಪತ್ರೆಯಲ್ಲಿ ಎದೆಯ ಗಂಟನ್ನು ನೋಡಿದ ಡಾಕ್ಟರು, ಏಳೆಂಟು ತಿಂಗಳು ಮುಂಚೆ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದರು. ಏಳೆಂಟು ತಿಂಗಳು ಮುಂಚೆ ಅವಳು ಬಂದಿದ್ದಳು. ಡಾಕ್ಟರ ಹತ್ತಿರವಲ್ಲ, ತಾಯಿಯ ಹತ್ತಿರ.

ಬೇರೆ ತಾಯಂದಿರಿಗೆ ಮಗಳು ಸೊರಗಿದ್ದು ಮುಖ ನೋಡಿದ ಮೇಲೆ ತಿಳಿಯುತ್ತದೆ. ವಿಮಲಮ್ಮನಿಗೆ ಅದು ಇಂಚಿನ ಲೆಕ್ಕದಲ್ಲಿ ಮೊದಲೇ ಗೊತ್ತಿತ್ತು. ಅರ್ಧ ಇಂಚು, ಆಮೇಲೆ ಮುಕ್ಕಾಲು, ಆಮೇಲೆ ಒಂದು. ಬ್ಲೌಸು ತೊಡಿಸಿ, ಕಂಕುಳ ಕೆಳಗೆ ಹೆಚ್ಚಾದ ಬಟ್ಟೆಯನ್ನು ಚಿವುಟಿ ಪಿನ್ನು ಹಾಕಿದ್ದು ಅವಳದೇ ಬೆರಳು. ಆ ಗಂಟು ಅವಳ ಬೆರಳಿನಿಂದ ನಾಲ್ಕು ಬೆರಳು ದೂರದಲ್ಲಿತ್ತು. ಆದರೂ ಯಾಕೆ ಎಂದು ಕೇಳಲಿಲ್ಲ. ಟೈಲರ್ ಆದವಳು ಅಳತೆ ಎಷ್ಟು ಎಂದು ಕೇಳುತ್ತಾಳೆ, ಯಾಕೆ ಎಂದು ಕೇಳುವುದಿಲ್ಲ. ಗಿರಾಕಿ ದಪ್ಪಗಾಗಿದ್ದರೆ ಬಿಡಬೇಕು, ಸಣ್ಣಗಾಗಿದ್ದರೆ ಹಿಡಿಯಬೇಕು. ಮೂವತ್ತು ವರ್ಷದಿಂದ ಕೈಗೆ ಅದೇ ಅಭ್ಯಾಸ. ಮಗಳು ಬಂದಾಗಲೂ ಆ ಕೈ ತಾಯಿಯ ಕೈಯಾಗಲಿಲ್ಲ.

"ಬಿಟ್ಟೋಗ್ತೀಯಾ, ಇವತ್ತೇ ಬೇಕಾ?" ಎಂದು ವಿಮಲಮ್ಮ ಕೇಳಿದಳು.

"ಇವತ್ತೇ ಆದ್ರೆ ಒಳ್ಳೇದು. ನಾಲ್ಕೂವರೆ ಬಸ್ಸಿಗೆ ಹೋಯ್ತೀನಿ."

ಆಗುವುದಿಲ್ಲ ಎಂದು ಹೇಳಬಹುದಿತ್ತು. ರೇಷ್ಮೆ ಹಳೆಯದು, ಬಿಚ್ಚಿದರೆ ಹರಿಯುತ್ತದೆ ಎಂದು ಒಂದು ಸುಳ್ಳು ಹೇಳಿ, ಬ್ಲೌಸನ್ನು ತನ್ನ ಹತ್ತಿರವೇ ಇಟ್ಟುಕೊಂಡಿದ್ದರೆ ಈ ಹುಡುಗಿ ಅದನ್ನೂ ನಂಬಿ ಹೋಗುತ್ತಿದ್ದಳು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಸೌಂದರ್ಯಳಿಗೆ ಎಡೆ ಇಡಲು ಬೇಕು ಎಂದು ಬಂದದ್ದನ್ನು ಇಲ್ಲವೆನ್ನುವುದು ಹೇಗೆ? ವಿಮಲಮ್ಮ ಎದ್ದು ಸುಕನ್ಯಳ ಮೈಗೆ ಟೇಪು ಸುತ್ತಿ ಅಳತೆ ನೋಡಿದಳು. ಬ್ಲೌಸನ್ನು ಒಳಮಗ್ಗುಲಾಗಿ ತಿರುಗಿಸಿ ಪಕ್ಕದ ಹೊಲಿಗೆಯ ಮೇಲೆ ಅದೇ ಟೇಪನ್ನು ಹಿಡಿದಳು. ಇನ್ನೊಂದು ಸಲ ಹಿಡಿದಳು. ತಪ್ಪಿರಲಿಲ್ಲ. ಸುಕನ್ಯಳ ಅಳತೆ ಬಂದು ನಿಂತದ್ದು ಎಲ್ಲಕ್ಕಿಂತ ಹೊರಗಿನ, ಮೊದಲ ಹೊಲಿಗೆಯ ಮೇಲೆ. ಸೌಂದರ್ಯ ಮದುವೆಯಾದ ವರ್ಷದ ಅಳತೆ.

ಹೊಸದಾಗಿ ಒಂದು ಹೊಲಿಗೆಯನ್ನೂ ಹಾಕಬೇಕಾಗಿರಲಿಲ್ಲ. ಮಗಳು ಮತ್ತೆ ತುಂಬಿಕೊಂಡರೆ ಬೇಕಾಗುತ್ತದೆ ಎಂದು ವಿಮಲಮ್ಮ ಒಳಗಿನ ಬಟ್ಟೆಯನ್ನೂ ಕತ್ತರಿಸಿರಲಿಲ್ಲ, ಹಳೆಯ ಹೊಲಿಗೆಯನ್ನೂ ಬಿಚ್ಚಿರಲಿಲ್ಲ. ಈಗ ಒಳಗಿನ ನಾಲ್ಕನ್ನು ಬಿಚ್ಚಿದರೆ ಸಾಕು, ಮೊದಲನೆಯದು ಅಲ್ಲೇ ಇತ್ತು.

ಅವಳು ಅರ್ಧ ಬ್ಲೇಡು ತೆಗೆದುಕೊಂಡು ಬಾಗಿಲ ಬೆಳಕಿಗೆ ಕೂತಳು. ಸುಕನ್ಯ ಎದುರಿಗೆ ಸ್ಟೂಲಿನ ಮೇಲೆ ಕೂತಳು.

ಎಲ್ಲಕ್ಕಿಂತ ಒಳಗಿನದು ಕೈಹೊಲಿಗೆ, ಬಿಳಿ ದಾರ. ಅದನ್ನು ಹಾಕಿದ್ದು ಆಸ್ಪತ್ರೆಯ ಮಂಚದ ಪಕ್ಕದಲ್ಲಿ. ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದ ದಿನ ಸೌಂದರ್ಯ, ಆ ಸೀರೆಯನ್ನೇ ಉಟ್ಟುಕೊಂಡು ಹೋಗುತ್ತೇನೆ ಎಂದು ಹಠ ಹಿಡಿದಿದ್ದಳು. ಹಸಿರು ದಾರ ಸಿಗಲಿಲ್ಲ, ನರ್ಸಮ್ಮ ಒಬ್ಬರು ಬಿಳಿ ದಾರ ಕೊಟ್ಟರು. ಎರಡೂ ಪಕ್ಕ ಹಿಡಿದರೂ ಬ್ಲೌಸು ಮೈಮೇಲೆ ನಿಲ್ಲಲಿಲ್ಲ. "ಸರಿಹೋಯ್ತು ಬುಡವ್ವ," ಎಂದು ಮಗಳು ಸಮಾಧಾನ ಹೇಳಿದ್ದಳು, ತಾಯಿಗೆ. ವಿಮಲಮ್ಮ ಬಿಳಿ ದಾರವನ್ನು ಒಂದೊಂದೇ ತುಂಡಾಗಿ ಕಿತ್ತು ಮಡಿಲಿಗೆ ಹಾಕಿಕೊಂಡಳು.

ಅದರ ಹೊರಗಿನದು ದೀಪಾವಳಿಯದು. ಅವತ್ತು ಪಿನ್ನು ಹಾಕುವಾಗ ವಿಮಲಮ್ಮನ ಕೈ ಒಂದು ಗಳಿಗೆ ನಿಂತಿತ್ತು. ಇದೇನಿದು ಇಷ್ಟು, ಎಂಬ ಮಾತು ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಯಾರೋ ಲಂಗದ ಬಟ್ಟೆ ಹಿಡಿದುಕೊಂಡು ಒಳಗೆ ಬಂದರು, ಮಾತು ಅಲ್ಲೇ ನಿಂತಿತು. ಆ ಲಂಗ ಯಾರದು ಎಂದು ಎಷ್ಟೋ ದಿನ ಯೋಚಿಸಿದ್ದಾಳೆ, ನೆನಪಾಗಿಲ್ಲ. ಗೌರಿ ಹಬ್ಬದ ಹೊಲಿಗೆ ಅವಸರದ್ದು, ಸ್ವಲ್ಪ ಸೊಟ್ಟ. ಯುಗಾದಿಯದು ಎಷ್ಟು ನೇರ, ಎಷ್ಟು ಅಚ್ಚುಕಟ್ಟು. ಅದನ್ನು ಹಾಕುತ್ತ, "ಒಳ್ಳೇದೇ ಆಯ್ತು, ಮದ್ವೆ ಹೆಣ್ಣಂಗೆ ಕಾಣ್ತೀಯ," ಎಂದು ತಾನು ನಕ್ಕಿದ್ದು ನೆನಪಾಗಿ ಅವಳಿಗೆ ತನ್ನ ಬಾಯನ್ನೇ ಹೊಲಿದುಕೊಳ್ಳಬೇಕು ಅನ್ನಿಸಿತು.

ಸುಕನ್ಯ ಬಗ್ಗಿ ನೋಡಿದಳು. ಹೊಲಿಗೆ ಹೋದ ಕಡೆಯೆಲ್ಲ ರೇಷ್ಮೆಯ ಮೇಲೆ ಸೂಜಿಯ ತೂತುಗಳು ಸಾಲಾಗಿ ಉಳಿದಿದ್ದವು.

"ಇದು ಇಸ್ತ್ರಿ ಮಾಡಿದ್ರೂ ಹೋಗಲ್ವಾ?"

"ರೇಷ್ಮೆ ಕಣವ್ವ. ಹೋಗಲ್ಲ."

"ನಾಲ್ಕು ಸಲ ಹಿಡಿದಿದ್ದೀರಿ," ಎಂದು ಸುಕನ್ಯ ಮೆಲ್ಲಗೆ ಹೇಳಿದಳು. ಅದರಲ್ಲಿ ದೂರು ಇರಲಿಲ್ಲ, ಕಂಡದ್ದನ್ನು ಹೇಳಿದ್ದಳು, ಅಷ್ಟೇ.

"ನಾಲ್ಕು ಸಲ ಹಿಡ್ದೆ. ಒಂದು ಸಲನೂ ಯಾಕೆ ಅಂತ ಕೇಳ್ಲಿಲ್ಲ ಕಣವ್ವ," ಎಂದಳು ವಿಮಲಮ್ಮ. ನಾಲ್ಕು ವರ್ಷ ಯಾರಿಗೂ ಹೇಳದ ಮಾತನ್ನು, ಮಗಳ ಜಾಗಕ್ಕೆ ಬಂದವಳಿಗೆ ಹೇಳಿಬಿಟ್ಟಿದ್ದಳು. ಹೇಳಿದ ಮೇಲೆ ಒಂದು ಚೂರು ಹಗುರವೂ ಆಯಿತು. ತಪ್ಪು ತನ್ನದು, ಅದರ ಉದ್ದಗಲ ತನಗೆ ಗೊತ್ತು, ಇದಕ್ಕಿಂತ ಹೆಚ್ಚಿನದೇನೂ ಇರಲಾರದು ಎಂದು ಅವಳಿಗೆ ಅನ್ನಿಸಿತ್ತು.

ಮೇಜಿನ ಮೂಲೆಯಲ್ಲಿ ಅನು ರಬ್ಬರಿನಿಂದ ಏನನ್ನೋ ಅಳಿಸುತ್ತಿದ್ದಳು.

"ಏನ್ ಮಗಾ, ಬರ್ದಿದ್ದನ್ನ ಯಾಕೆ ಅಳಿಸ್ತೀಯ?" ಎಂದು ವಿಮಲಮ್ಮ ಮಾತು ತಿರುಗಿಸಿದಳು.

"ವಾಕ್ಯ ಬರೆದಿದ್ದೆ ಅಜ್ಜಿ. 'ನನ್ನ ಅಮ್ಮ ಬ್ಲೌಸ್ ಆಲ್ಟರ್ ಮಾಡಿಸಲು ಹುಣಸೂರಿಗೆ ಬರುತ್ತಿದ್ದಳು' ಅಂತ. ಆದ್ರೆ ಅದು ಸುಳ್ಳಾಯ್ತದೆ. ಮಿಸ್ಸು ನಿಜ ನಡೆದಿದ್ದನ್ನೇ ಬರೀಬೇಕು ಅಂದವ್ರೆ."

"ಸುಳ್ಳೇನು ಬಂತು ಅದರಲ್ಲಿ? ಅದಕ್ಕೇ ತಾನೆ ಬತ್ತಿದ್ದದ್ದು?"

"ಇಲ್ಲ. ಬ್ಲೌಸಿಗೆ ಅಂತ ಬತ್ತಿರ್ಲಿಲ್ಲ ಅಮ್ಮ." ಅನು ರಬ್ಬರಿನ ಪುಡಿಯನ್ನು ಊದಿದಳು. "ನಾನೇ ಕೇಳಿದ್ದೆ, ನಮ್ಮೂರ ಹತ್ರ ಪಿರಿಯಾಪಟ್ಟಣದಲ್ಲೇ ಟೈಲರ್ ಅವ್ರಲ್ಲ, ಯಾಕೆ ಇಷ್ಟು ದೂರ ಅಂತ. ಬಸ್ಸಲ್ಲಿ ಅಮ್ಮ ಹೇಳ್ತು, ಅಜ್ಜಿ ಕೈಗೆ ಅಳತೆ ಸಿಕ್ರೆ ಅದಕ್ಕೆ ಗೊತ್ತಾಗ್ಬುಡ್ತದೆ, ಯಾಕೆ ಸಣ್ಣ ಆಗಿದ್ದೀಯ ಅಂತ ಕೇಳೇ ಕೇಳ್ತದೆ, ಆಗ ಹೇಳ್ತೀನಿ ಅಂತ. ನಾನಾಗಿ ಹೇಳೋಕೆ ನಾಚಿಕೆ ಆಯ್ತದೆ ಅಂತ."

ವಿಮಲಮ್ಮನ ಕೈಯಲ್ಲಿದ್ದ ಬ್ಲೇಡು ನಿಂತುಹೋಯಿತು.

"ವಾಪಸ್ ಹೋಗುವಾಗ ಕಿಟಕಿ ಕಡೆ ತಿರುಗ್ಕೊಂಡು ಅಳ್ತಿತ್ತು," ಎಂದಳು ಅನು. "ಅಂಗಡೀಲಿ ಜನ ಇದ್ರು, ಅದಕ್ಕೆ ಕೇಳ್ಲಿಲ್ಲ, ಮುಂದಿನ ಸಲ ಕೇಳ್ತದೆ ಬುಡು ಅಂತ ಹೇಳ್ತು. ಮೂರು ಸಲನೂ ಅಂಗೇ ಹೇಳ್ತು."

"ನೀನು ಇದನ್ನ ಯಾಕೆ ನಂಗೆ ಹೇಳ್ಲಿಲ್ಲ ಮಗಾ?"

"ನೀನು ಕೇಳ್ಲಿಲ್ಲ," ಎಂದಳು ಅನು. ಆ ಮಗುವಿನ ದನಿಯಲ್ಲಿ ಯಾವ ಕೊಂಕೂ ಇರಲಿಲ್ಲ. ಅಜ್ಜಿಯ ಮುಖ ಕಂಡು ಹೆದರಿ, ಪೆನ್ಸಿಲು ಕೆಳಗಿಟ್ಟಳು.

ತನ್ನ ತಪ್ಪಿನ ಉದ್ದಗಲ ಗೊತ್ತು ಎಂದುಕೊಂಡಿದ್ದಳು ವಿಮಲಮ್ಮ. ಏನೂ ಗೊತ್ತಿರಲಿಲ್ಲ. ಮಗಳು ಮುಚ್ಚಿಟ್ಟಳು, ತಾನು ಗಮನಿಸಲಿಲ್ಲ, ಇಷ್ಟೇ ಎಂದುಕೊಂಡಿದ್ದಳು. ಮಗಳು ಮುಚ್ಚಿಟ್ಟಿರಲಿಲ್ಲ. ಅವ್ವನಿಗೆ ಯಾವುದು ಅರ್ಥವಾಗುತ್ತದೋ ಅದನ್ನೇ ಕೈಯಲ್ಲಿ ಹಿಡಿದುಕೊಂಡು ಬಂದಿದ್ದಳು. ಬಾಯಲ್ಲಿ ಹೇಳಲಾರದ್ದನ್ನು ಸಡಿಲವಾದ ಬ್ಲೌಸಿನಲ್ಲಿ ತೋರಿಸಿ, ಕೇಳು ಅವ್ವ, ಕೇಳು ಎಂದು ಮೂರು ಸಲ ಎದುರಿಗೆ ನಿಂತಿದ್ದಳು. ತಾಯಿ ಮೂರು ಸಲವೂ ಬ್ಲೌಸನ್ನು ಸರಿಮಾಡಿ ಕೈಗೆ ಕೊಟ್ಟು ಕಳಿಸಿದ್ದಳು. ಕಣ್ಣಿಂದ ನೀರು ಸುರಿಯುತ್ತಿದ್ದರೂ ಕೈ ಮಾತ್ರ ತನ್ನ ಪಾಡಿಗೆ ತಾನು ಬ್ಲೇಡು ಆಡಿಸಿ ಕೊನೆಯ ನಾಲ್ಕೈದು ದಾರಗಳನ್ನು ಕಿತ್ತು ಮುಗಿಸಿತು. ಆ ಕೈಯನ್ನು ಕಂಡರೆ ಅವಳಿಗೆ ಅಸಹ್ಯವಾಯಿತು.

ಸುಕನ್ಯ ಎದ್ದು ಬಂದು ಬ್ಲೌಸನ್ನು ಅವಳ ಕೈಯಿಂದ ಬಿಡಿಸಿಕೊಂಡಳು. "ಹಾಕ್ಕೊಂಡು ನೋಡ್ತೀನಿ," ಎಂದು ಹೇಳಿ ಪರದೆಯ ಹಿಂದೆ ಹೋದಳು. ಅನು ಬಂದು ಅಜ್ಜಿಯ ತೊಡೆಗೆ ಒರಗಿ ಕೂತಳು. ಮಡಿಲಲ್ಲಿದ್ದ ದಾರದ ತುಂಡುಗಳು ಅವಳ ಯೂನಿಫಾರಮ್ಮಿಗೆ ಅಂಟಿಕೊಂಡವು.

ಪರದೆ ಸರಿಸಿ ಬಂದ ಸುಕನ್ಯ ಗೋಡೆಯ ಕನ್ನಡಿಗೆ ಮುಖಮಾಡಿ ನಿಂತಳು. ಹುಕ್ಕುಗಳು ಸಲೀಸಾಗಿ ಸೇರಿದ್ದವು. ಬೆನ್ನು, ತೋಳು, ಪಕ್ಕ, ಎಲ್ಲೂ ಒಂದು ಸುಕ್ಕಿಲ್ಲ. ಹಿಂದಿನಿಂದ ನೋಡಿದರೆ ಮೊದಲ ಗೌರಿ ಹಬ್ಬದ ಬೆಳಿಗ್ಗೆ ಇದೇ ಜಾಗದಲ್ಲಿ, ಇದೇ ಕನ್ನಡಿಯ ಮುಂದೆ ನಿಂತಿದ್ದ ಸೌಂದರ್ಯಳೇ.

ವಿಮಲಮ್ಮ ಮೊಮ್ಮಗಳನ್ನು ಪಕ್ಕಕ್ಕೆ ಸರಿಸಿ ಎದ್ದಳು. ಹತ್ತಿರ ಹೋಗಿ, ಅಭ್ಯಾಸದ ಮೇಲೆ ಎರಡೂ ಕೈಯನ್ನು ಸುಕನ್ಯಳ ಕಂಕುಳ ಕೆಳಗೆ, ಪಕ್ಕದ ಹೊಲಿಗೆಯ ಮೇಲೆ ಇಟ್ಟಳು. ಹಿಡಿಯಲು ಒಂದೆಳೆ ಬಟ್ಟೆಯೂ ಹೆಚ್ಚಿರಲಿಲ್ಲ. ಕೈ ಅಲ್ಲೇ ನಿಂತಿತು.

"ಯಾಕವ್ವ ಸೌಂದರ್ಯ," ಎಂದು ಆ ಹಸಿರು ಬೆನ್ನನ್ನು ಕೇಳಿದಳು. "ಸಣ್ಣ ಆಗಿದ್ದೀಯಲ್ಲ, ಯಾಕವ್ವ? ಎಲ್ಲಿ ನೋಯ್ತದೆ? ನಂಗೆ ಹೇಳು ಮಗಳೇ."

ಸುಕನ್ಯ ತಿರುಗಲಿಲ್ಲ. ಹೊರಗೆ ಸ್ಟ್ಯಾಂಡಿನಲ್ಲಿ ರಾವಂದೂರಿನ ನಾಲ್ಕೂವರೆ ಬಸ್ಸು ಎರಡು ಸಲ ಹಾರನ್ ಹೊಡೆದು ಹೊರಟಿತು. ಅವಳು ಉಸಿರು ಬಿಗಿಹಿಡಿದು, ಬೆನ್ನು ಕೊಟ್ಟುಕೊಂಡು ಹಾಗೆಯೇ ನಿಂತಿದ್ದಳು.